ಮೈಕಿನ ಪೊರ್ಬುಗಳ ಮೌನ ಹರಕೆ

ಮಾರ್ಚ್ 5, ಬೂದಿ ಬುಧವಾರ

ಆತ್ಮೀಯ ನಾಗರಿಕ ಬಂಧುಗಳೇ, ತಾಯಂದಿರೇ, ಕಲಾಭಿಮಾನಿಗಳೇ, ಕ್ರೀಡಾಭಿಮಾನಿಗಳೇ. ಶಿರ್ವ ಗ್ರಾಮದ ಇತಿಹಾಸದಲ್ಲೇ ಪ್ರಪ್ರಥಮ ಬಾರಿಗೆ, ಅಲೆಕ್ಸಾಂಡರ್ ಮಥಾಯಸ್ ಎಂಬ ನಾನು, ಇಂದು ಬೆಳಿಗ್ಗೆ ಹಣೆಗೆ ಬೂದಿ ಹಚ್ಚಿಸಿಕೊಂಡ ಪುಣ್ಯಗಳಿಗೆಯಲ್ಲಿ, ಈಸ್ಟರ್ ಹಬ್ಬದವರೆಗೆ ಬಂಗುಡೆ ಮೀನನ್ನು ತ್ಯಜಿಸಿರುತ್ತೇನೆ. ಬಂಗುಡೆ ಮಾತ್ರವಲ್ಲ. ಬೂತಾಯಿ, ಕಾಣೆ, ಅಂಜಲ್, ಒಣ ಸಿಗಡಿಯ ಚಟ್ನಿ, ಹಿಂದಿನ ದಿನದ ಸಾರು, ಎಲ್ಲವೂ.

ಈ ಐತಿಹಾಸಿಕ ಘೋಷಣೆಯನ್ನು ಮೊದಲು ಅಡಿಗೆಮನೆಯ ಬಾಗಿಲಲ್ಲಿ ನಿಂತು ಮಾಡಿದೆ. ಹೆಂಡತಿ ಜೆನಿಟಾ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ. "ಹಾಗಾದ್ರೆ ನಿನ್ನೆಯ ಸಾರು ನಾನೊಬ್ಬಳೇ ಮುಗಿಸ್ಬೇಕಲ್ಲ" ಎಂದಳು. ಮಹತ್ಕಾರ್ಯಗಳಿಗೆ ಮನೆಯಲ್ಲಿ ಬೆಂಬಲ ಸಿಗುವುದು ಹೀಗೆ.

ಈ ಕರೆಜ್ಮದ ತಪಸ್ಸಿನ ಕಾಲದಲ್ಲಿ ಮಾಂಸವನ್ನು ಊರಿಗೆ ಊರೇ ಬಿಡುತ್ತದೆ. ಅದರಲ್ಲಿ ದೇವರ ಕಣ್ಣಿಗೆ ಬೀಳುವಂಥದ್ದೇನೂ ಇಲ್ಲ. ಮೀನಿಗೆ ರೋಮಿನಿಂದಲೇ ಅನುಮತಿ ಇರುವಾಗ ಅದನ್ನೂ ಬಿಡುವುದಕ್ಕೆ ಎದೆ ಬೇಕು. ನನಗೆ ಎದೆ ಉಂಟು. ಇಲ್ಲದ್ದು ಗಂಟಲು.

ಕಾಪುವಿನಿಂದ ಕಾರ್ಕಳದವರೆಗೆ ಜೀಪಿನ ಮೇಲೆ ಲೌಡ್‌ಸ್ಪೀಕರ್ ಕಟ್ಟಿಕೊಂಡು, ಹೊನಲು ಬೆಳಕಿನ ವಾಲಿಬಾಲಿನಿಂದ ಹಿಡಿದು ಬಟ್ಟೆಯಂಗಡಿಯ ರಿಯಾಯಿತಿಯವರೆಗೆ ಸಾರಿದ ಸ್ವರ ನನ್ನದು. ನಮ್ಮ ಕ್ರೈಸ್ತರನ್ನು ಪೊರ್ಬುಗಳು ಎನ್ನುವ ನೆರೆಹೊರೆಯ ತುಳುವರಿಗೆ ನಾನು 'ಮೈಕಿನ ಪೊರ್ಬುಗಳು'. ಇಗರ್ಜಿಯಲ್ಲಿ ಗರಿಗಳ ಭಾನುವಾರದಂದು ಯೇಸುಸ್ವಾಮಿಯ ಪಾಡುಗಳನ್ನು ಮೂವರು ಹಂಚಿಕೊಂಡು ಓದುವಾಗ, ಯೇಸುವಿನ ಮಾತು ಫಾದರಿಗೆ, ಜನರ ಮಾತು ಯಾರಿಗಾದರೂ, ನಿರೂಪಕನ ಪಾಲು ಮಾತ್ರ ನನಗೇ. ಅದನ್ನು ಬೇರೆಯವರು ಓದಿದ್ದನ್ನು ಈ ಊರಿನ ಮಕ್ಕಳು ಕೇಳಿಯೇ ಇಲ್ಲ.

ಕ್ರಿಸ್ಮಸ್ ಕಳೆದ ಮೇಲೆ ಸ್ವರ ಹರಿದ ಚಾಪೆಯಂತಾಯಿತು. ಮಣಿಪಾಲದ ಡಾಕ್ಟರು ಮೂಗಿನಿಂದ ಕ್ಯಾಮೆರಾ ಇಳಿಸಿ ನೋಡಿದರು. ಎಡಗಡೆಯ ಧ್ವನಿತಂತುವಿನ ಮೇಲೆ ಒಂದು ಗಡ್ಡೆ. ಸೋಮವಾರ ತೆಗೆದು ಪರೀಕ್ಷೆಗೆ ಕಳಿಸುತ್ತಾರಂತೆ. ಯಾವುದರ ಪರೀಕ್ಷೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಜೆನಿಟಾ ಕೇಳಿದಳು. ಬರುವಾಗ ಬಸ್ಸಿನಲ್ಲಿ ಇಬ್ಬರೂ ಕಿಟಕಿಯ ಹೊರಗೆ ನೋಡಿದೆವು.

ಘೋಷಣೆಗೆ ಕನ್ನಡ, ಜಗಳಕ್ಕೆ ತುಳು, ದೇವರಿಗೆ ಕೊಂಕಣಿ, ಇದು ನನ್ನ ವ್ಯವಸ್ಥೆ. ಇವತ್ತು ದೇವರಿಗೆ ಕೊಂಕಣಿಯಲ್ಲಿ ಸಲ್ಲಿಸಿದ್ದನ್ನು ಕನ್ನಡದಲ್ಲಿ ದಾಖಲಿಸುತ್ತಿದ್ದೇನೆ. ಕಾರ್ಯಕ್ರಮ: ನನ್ನ ಸ್ವರದ ಮರುಪ್ರತಿಷ್ಠೆ. ಸ್ಥಳ: ಎಡ ಧ್ವನಿತಂತು. ದಿನಾಂಕ: ಏಪ್ರಿಲ್ ಹದಿಮೂರು, ಗರಿಗಳ ಭಾನುವಾರಕ್ಕೆ ಮೊದಲು. ಪ್ರಾಯೋಜಕರು: ಬಂಗುಡೆ. ಕ್ಲಪ್ತ ಸಮಯಕ್ಕೆ ಆಗಮಿಸಬೇಕಾಗಿ ವಿನಂತಿ.

ಕೊನೆಯಲ್ಲಿ 'ನಿನ್ನ ಚಿತ್ತ ನೆರವೇರಲಿ' ಎಂದೂ ಸೇರಿಸಿದೆ. ಕರಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ 'ಷರತ್ತುಗಳು ಅನ್ವಯಿಸುತ್ತವೆ' ಎಂದು ಹಾಕುತ್ತಾರಲ್ಲ, ಹಾಗೆ.

ಮಾರ್ಚ್ 11, ಮಂಗಳವಾರ

ತೆಗೆದಾಯಿತು. ಮಾತಾಡಬಾರದು. ಕೆಮ್ಮಬಾರದು. ಗಂಟಲು ಸರಿಮಾಡಿಕೊಳ್ಳಬಾರದು. ಗಂಟಲು ಸರಿಮಾಡದೆ ಮನುಷ್ಯ ಹೇಗೆ ಬದುಕುತ್ತಾನೆ ಎಂದು ಕೇಳೋಣವೆಂದರೆ ಕೇಳಲೂಬಾರದು.

ಜೆನಿಟಾ ಒಂದು ಶಾಲೆ ಸ್ಲೇಟು ತಂದುಕೊಟ್ಟಿದ್ದಾಳೆ. ನಾನು ವಾಲಿಬಾಲ್ ಪಂದ್ಯದ ಪೀಪಿಯನ್ನು ಹುಡುಕಿ ತೆಗೆದೆ. ನೀರು ಬೇಕಾದರೆ ಒಂದು ಸಲ, ಚಹಾ ಬೇಕಾದರೆ ಎರಡು ಸಲ ಊದುವುದು. ಮಧ್ಯಾಹ್ನದ ಹೊತ್ತಿಗೆ ಪೀಪಿ ಕಾಣೆಯಾಯಿತು. ಅವಳಿಗೆ ಗೊತ್ತೇ ಇಲ್ಲವಂತೆ.

ಗಡ್ಡೆಯ ವಿಷಯ ಯಾರಿಗೂ ಹೇಳಕೂಡದೆಂಬುದು ಅವಳ ಅಪ್ಪಣೆ. "ರಿಪೋರ್ಟ್ ಬರುವ ಮೊದಲೇ ಊರಿನವರು ನಿಮ್ಮನ್ನು ಮಣ್ಣು ಮಾಡಿ ಮುಗಿಸ್ತಾರೆ" ಎಂದಳು.

ಮಾರ್ಚ್ 13, ಗುರುವಾರ

ಎರ್ಮಾಳಿನ ಸರಸಕ್ಕ ದಿನಾ ಹತ್ತೂವರೆಗೆ ಮೀನಿನ ರಿಕ್ಷಾ ತರುತ್ತಾಳೆ. ಅವಳು ಇಳಿಜಾರಿನಲ್ಲಿ ಹಾರ್ನ್ ಹಾಕುವಾಗ ನಾನು ಜಗಲಿಯಿಂದಲೇ "ಸರಸಕ್ಕಾ" ಎಂದು ಕೂಗಿದರೆ ರಿಕ್ಷಾ ನಮ್ಮ ಗೇಟಿನಲ್ಲಿ ನಿಲ್ಲುವುದು ವಾಡಿಕೆ. ಇವತ್ತು ಕೂಗಿಲ್ಲದೆಯೂ ನಿಂತಿತು. ಅನುಮಾನ ಬಂದು ನಿಂತದ್ದು.

"ಬಾಯಮ್ಮ, ಪೊರ್ಬುಗಳು ಊರಲ್ಲಿ ಇಲ್ವಾ? ಸ್ವರವೇ ಇಲ್ಲ."

"ಇದ್ದಾರೆ, ಒಳಗೆ ಕೂತಿದ್ದಾರೆ" ಎಂದಳು ಜೆನಿಟಾ. "ನಮ್ಮ ಕರೆಜ್ಮ ಅಲ್ವಾ. ಮೀನೂ ಇಲ್ಲ, ಮಾತೂ ಇಲ್ಲ."

"ಮಾತು ಸಹ ಬಿಟ್ರಾ? ಪೊರ್ಬುಗಳು?" ಸರಸಕ್ಕ ತಕ್ಕಡಿಯನ್ನು ಕೆಳಗಿಟ್ಟಳು. "ಅದು ದೊಡ್ಡ ಹರಕೆ ಆಯ್ತು, ಬಾಯಮ್ಮ. ಮೀನು ಬಿಡ್ಬಹುದು. ಅವರು ಮಾತು ಬಿಡುದು ಅಂದ್ರೆ ಎಂತ ಸಣ್ಣ ಸಂಗತಿಯಾ?"

ಇಲ್ಲ ಮಾರಾಯ್ತಿ, ಹರಕೆಯಲ್ಲ, ಡಾಕ್ಟರ ಆಜ್ಞೆ ಎಂದು ಕಿಟಕಿಯಿಂದ ಕೈಯಾಡಿಸಿದೆ. ಅವಳು ನನಗೆ ಎರಡೂ ಕೈಯೆತ್ತಿ ನಮಸ್ಕಾರ ಮಾಡಿ ರಿಕ್ಷಾ ಹತ್ತಿದಳು. ಅಲ್ಲಿಂದ ಮುಂದೆ ಅವಳಿಗೆ ಇನ್ನೂ ಅರ್ಧ ಊರಿನ ಮನೆಗಳಿಗೆ ಮೀನು ಕೊಡುವುದಿತ್ತು. ನನ್ನ ಜೀಪಿನ ಲೌಡ್‌ಸ್ಪೀಕರಿಗೂ ಆ ರಿಕ್ಷಾದಷ್ಟು ವ್ಯಾಪ್ತಿ ಇಲ್ಲ.

ಮಾರ್ಚ್ 16, ಭಾನುವಾರ

ನಾನು ಸಂತನಾಗಿದ್ದೇನೆ. ನನ್ನ ಒಪ್ಪಿಗೆ ಯಾರೂ ಕೇಳಲಿಲ್ಲ.

ಇಗರ್ಜಿಯ ಮೆಟ್ಟಿಲಿನಲ್ಲಿ ಜನ ದಾರಿ ಬಿಟ್ಟರು. ಹಿಂದಿನ ವಾರದವರೆಗೆ ನನ್ನನ್ನು ಕಂಡರೆ "ಈಗ ಹಿಡಿದುಕೊಂಡರೆ ಅರ್ಧ ಗಂಟೆ" ಎಂದು ಬೇರೆ ಬಾಗಿಲಿನಿಂದ ಹೋಗುತ್ತಿದ್ದವರು ಹತ್ತಿರ ಬಂದು ಕೈ ಹಿಡಿದರು. ಮಧ್ಯಾಹ್ನ ನಮ್ಮ ವಾಡೆಯ ಗುರ್ಕಾರ್ತಿ ಆನ್ಸಿಲ್ಲಾಬಾಯಿ ಮನೆಗೇ ಬಂದರು. ವಾಡೆಯ ಮೂವತ್ತು ಮನೆಗಳ ಪ್ರಾರ್ಥನೆ, ಜಗಳ, ಹೂವಿನ ಸರದಿ ಎಲ್ಲವೂ ಅವರ ಸುಪರ್ದಿ.

"ಅಲೆಕ್ಸ್ ಬಾಬ್, ನೀವು ಇಡೀ ವಾಡೆಗೆ ಮಾದರಿ. ಮೌನದಲ್ಲಿ ಇದ್ದವರ ಪ್ರಾರ್ಥನೆ ಸೀದಾ ಹೋಗ್ತದಂತೆ. ನನ್ನದೊಂದು ಉಂಟು, ಜೊತೆಗೆ ಕಳಿಸ್ತೀರಾ?"

ನಾನೇನು ಕೊರಿಯರ್ ಆಫೀಸೇ. ಸ್ಲೇಟು ಹುಡುಕಿದರೆ ಜೆನಿಟಾ ಅದರ ಮೇಲೆ ಕುಳಿತಿದ್ದಳು.

ಆನ್ಸಿಲ್ಲಾಬಾಯಿಯ ಮಗಳು ಫಿಯೋನಾ ಕುವೈಟಿನಲ್ಲಿ ನರ್ಸು. ಮದುವೆ ಬೇಡ ಎನ್ನುತ್ತಾಳೆ. ನನ್ನ ಬಾಯಿ ಸರಿ ಇದ್ದಿದ್ದರೆ ಅಲ್ಲಿಯೇ ಮೂವರು ಗಂಡುಗಳ ಹೆಸರು, ಮನೆ, ಕಾರಿನ ಬಣ್ಣ ಸಹಿತ ಹೇಳಿ ಮುಗಿಸುತ್ತಿದ್ದೆ. ಹೇಳಲಾಗದೆ ಕುಳಿತೆ. ಅವರು ಮುಂದುವರಿದರು. ಮದುವೆಯಿಂದ ಶುರುವಾದದ್ದು ಫಿಯೋನಾ ಫೋನಿನಲ್ಲಿ ಯಾವಾಗಲೂ ಆಯಾಸದಲ್ಲಿರುತ್ತಾಳೆ ಎನ್ನುವಲ್ಲಿಗೆ ಹೋಯಿತು. ಅಲ್ಲಿಂದ, "ಅವಳನ್ನು ಅಷ್ಟು ಸಣ್ಣ ಪ್ರಾಯದಲ್ಲಿ ಕಳಿಸಬಾರದಿತ್ತು ಬಾಬ್" ಎನ್ನುವಲ್ಲಿಗೆ. ಆಮೇಲೆ ಸೆರಗಿನಲ್ಲಿ ಮುಖ ಒರೆಸಿ, ಮದುವೆಯ ವಿಷಯ ಎತ್ತದೆಯೇ ಎದ್ದು, "ಈಗ ಹಗುರ ಆಯ್ತು" ಎಂದು ಹೊರಟರು.

ಮೂರು ಗಂಡುಗಳು ವ್ಯರ್ಥವಾದರು. ಸಂಜೆಯ ತೇರ್ಸಿನಲ್ಲಿ ಜಪಮಣಿ ಎಣಿಸುವಾಗ ಫಿಯೋನಾಳ ಆಯಾಸ ನೆನಪಾಗಿ ನನ್ನ ಧ್ವನಿತಂತುವಿನ ಸರದಿ ತಪ್ಪಿತು. ಹೀಗೆ ಬೇರೆಯವರ ಅರ್ಜಿ ನಡುವೆ ನುಗ್ಗಿದರೆ ನನ್ನ ಕೆಲಸ ಆಗುವುದು ಯಾವಾಗ?

ಮಾರ್ಚ್ 20, ಗುರುವಾರ

ಬಜಗೋಳಿಯ ತಾರಾನಾಥ ಬಂದಿದ್ದ. ಅವನ ವಾಲಿಬಾಲ್ ಪಂದ್ಯಕ್ಕೆ ವರ್ಷವೂ ನನ್ನದೇ ವಿವರಣೆ. ಸ್ವರದ ಬಗ್ಗೆ ವಿಚಾರಿಸಲು ಬಂದವನು, ಹರಕೆಯ ಸುದ್ದಿ ಬಜಗೋಳಿಗೂ ಮುಟ್ಟಿರುವುದರಿಂದ, ಚಪ್ಪಲಿ ಹೊರಗೆ ಬಿಟ್ಟು ಬಂದ. ನಮ್ಮ ಮನೆಗೆ ಯಾರೂ ಚಪ್ಪಲಿ ಬಿಟ್ಟು ಬಂದದ್ದಿಲ್ಲ.

"ಪೊರ್ಬುಗಳೇ, ನಮ್ಮ ಮನೆಯಲ್ಲಿ ಸಹ ಈಗ ಮೌನವೇ" ಎಂದ. "ನಿಮ್ಮಲ್ಲಾದ್ರೆ ದೇವರಿಗೆ. ನಮ್ಮಲ್ಲಿ ಗುಣವತಿ ನನಗೆ ಮಾಡಿದ್ದು."

ಪಂದ್ಯದ ದಿನವೇ ಗುಣವತಿಯ ತಂಗಿಯ ಮನೆಯೊಕ್ಕಲು. ತಾರಾನಾಥ ಹೆಂಡತಿಯನ್ನು ಕೇಳದೆ ಪಂದ್ಯದ ತಾರೀಕು ಅಚ್ಚು ಹಾಕಿಸಿದ. ಅಂದಿನಿಂದ ಗುಣವತಿ ಗಂಜಿ ಬಡಿಸಿ ಹೋಗುತ್ತಾಳೆ, ಉಪ್ಪು ಬೇಕಾ ಎಂದು ಕೇಳುವುದಿಲ್ಲ.

ಇಂಥ ಮೂರ್ಖತನಕ್ಕೆ ನಾನು ಕೊಡಬಹುದಾಗಿದ್ದ ಬೈಗುಳ ತುಳುವಿನಲ್ಲಿ ತಯಾರಾಗಿ ಗಂಟಲಿನವರೆಗೆ ಬಂತು. ಗಾಯ ನೆನಪಾಗಿ ನುಂಗಿದೆ. ಅವನು ಚಹಾ ಕುಡಿದ. ಪಂದ್ಯ ಮುಂದೆ ಹಾಕಿದರೆ ಆಗುವ ನಷ್ಟ ಹೇಳಿದ. ನಾನು ನೋಡುತ್ತಿದ್ದೆ. ಅದು ದೊಡ್ಡ ನಷ್ಟವಲ್ಲ ಎಂದು ಅವನೇ ಹೇಳಿದ. ನಾನು ನೋಡುತ್ತಿದ್ದೆ. ಅವನು ಕಪ್ಪು ಕೆಳಗಿಟ್ಟು, "ನೀವು ಹೇಳುದು ಸರಿ, ಪೊರ್ಬುಗಳೇ. ತಾರೀಕು ಬದಲಾಯಿಸ್ತೇನೆ" ಎಂದು ಎದ್ದ.

ನಾನು ಏನೂ ಹೇಳಿಲ್ಲ. ಇಷ್ಟು ವರ್ಷ ನಾನು ಹೇಳಿದ್ದನ್ನು ಇವನು ಒಂದು ಸಲವೂ ಕೇಳಿಲ್ಲ. ಹೇಳದೆ ಇದ್ದದ್ದನ್ನು ಒಂದೇ ಮಾತಿಗೆ ಕೇಳಿದ. ಇದಕ್ಕಿಂತ ದೊಡ್ಡ ಅವಮಾನ ಉದ್ಘೋಷಕನಿಗೆ ಬೇರೆ ಉಂಟೇ?

ಮಾರ್ಚ್ 24, ಸೋಮವಾರ

ಮಣಿಪಾಲ. ಡಾಕ್ಟರು ಮತ್ತೆ ಕ್ಯಾಮೆರಾ ಇಳಿಸಿದರು. "ಊತ ಇಳಿದಿಲ್ಲ. ಮಾತಾಡಿದ್ದೀರಾ?"

ಇಲ್ಲವೆಂದು ಸ್ಲೇಟಿನಲ್ಲಿ ಬರೆದೆ.

"ಪಿಸುಗುಟ್ಟಿದ್ದೀರಾ?"

ಜೆನಿಟಾ ನನ್ನ ಮುಖ ನೋಡಿದಳು. "ತೇರ್ಸಿನ ಹೊತ್ತಿಗೆ ತುಟಿ ಆಡ್ತದೆ ಡಾಕ್ಟ್ರೇ. ನನಗೆ ಕೇಳಿಸ್ತದೆ. ದೇವರಿಗೆ ಲೆಕ್ಕ ಒಪ್ಪಿಸ್ತಾರೆ."

"ಪಿಸುಮಾತು ಜೋರು ಮಾತಿಗಿಂತಲೂ ಕಷ್ಟ ಕೊಡ್ತದೆ" ಎಂದರು ಡಾಕ್ಟರು. "ತುಟಿ ಮುಚ್ಚಿ ಪ್ರಾರ್ಥನೆ ಮಾಡಿ. ಏಪ್ರಿಲ್ ಮಧ್ಯದವರೆಗೆ ಪೂರ್ತಿ ಮೌನ. ಮತ್ತೆ ನೋಡುವ."

ಏಪ್ರಿಲ್ ಮಧ್ಯ. ಗರಿಗಳ ಭಾನುವಾರ ಹದಿಮೂರಕ್ಕೆ. ನಾನು ದೇವರಿಗೆ ತಾರೀಕು ಸಹಿತ ಸ್ಪಷ್ಟವಾಗಿ ತಿಳಿಸಿದ್ದೆ.

ರಿಪೋರ್ಟೂ ಬಂದಿಲ್ಲ. ತೆಗೆದ ಗಡ್ಡೆಯನ್ನು ಇನ್ನೊಬ್ಬ ದೊಡ್ಡ ಡಾಕ್ಟರಿಗೆ ತೋರಿಸಬೇಕಂತೆ. "ಯಾಕೆ?" ಎಂದು ಬರೆದೆ. "ಖಚಿತಪಡಿಸ್ಲಿಕ್ಕೆ" ಎಂದರು. ಏನನ್ನು ಎಂದು ಬರೆಯಲಿಕ್ಕೆ ಬಳಪ ಸಿಗಲಿಲ್ಲ. ಬಳಪ ಕೈಯಲ್ಲೇ ಇತ್ತು.

ಮಾರ್ಚ್ 27, ಗುರುವಾರ

ನನ್ನ ಪ್ರಾರ್ಥನೆ ಕೆಟ್ಟುಹೋಗಿದೆ. ತುಟಿ ಆಡಿಸದೆ ಪ್ರಾರ್ಥಿಸುವುದು ಇಂಜಿನ್ ಆಫ್ ಮಾಡಿ ಜೀಪು ಓಡಿಸಿದ ಹಾಗೆ. ಸ್ಥಳ, ದಿನಾಂಕ, ಸಮಯ ಎಂದು ಶುರುಮಾಡುತ್ತೇನೆ, ಅರ್ಧಕ್ಕೆ ಮರೆಯುತ್ತದೆ. ಮರೆತ ಮೇಲೆ ಸುಮ್ಮನೆ ಕೂತಿರುತ್ತೇನೆ. ಇವತ್ತು ಹಾಗೆ ಎಷ್ಟು ಹೊತ್ತು ಕೂತೆನೋ, ಜೆನಿಟಾ ಬಂದು ದೀಪ ಹಾಕಿ, "ಮಲಗಿದ್ರಾ?" ಎಂದಳು.

ಮಲಗಿರಲಿಲ್ಲ. ಏನು ಮಾಡುತ್ತಿದ್ದೆ ಎಂದು ಬರೆಯೋಣವೆಂದರೆ ಏನೂ ಮಾಡುತ್ತಿರಲಿಲ್ಲ.

ದೇವರ ಚಿತ್ತಕ್ಕೆ ಕೊಂಕಣಿಯ ಪ್ರಾರ್ಥನೆಯಲ್ಲಿ ನಾವು 'ಖುಶಿ' ಎನ್ನುತ್ತೇವೆ. ಅವನ ಖುಶಿ ಅವನಿಗೆ. ಇಲ್ಲಿ ಗಂಟಲು ಯಾರದ್ದು?

ಏಪ್ರಿಲ್ 2, ಬುಧವಾರ

ಇವತ್ತಿನದ್ದನ್ನು ಕೋಪದಲ್ಲಿಯೇ ಬರೆಯುತ್ತೇನೆ.

ಇಗರ್ಜಿಯ ಮೈಕ್ ಸೆಟ್ ನೋಡಿಕೊಳ್ಳುವ ರಾಯ್‌ಸ್ಟನ್ ಸಂಜೆ ಬಂದ. ನಲವತ್ತು ದಾಟಿದವನು. ಯಾವಾಗಲೂ ಹಿಂದಿನ ಕಂಬದ ಬಳಿ ಮಿಕ್ಸರಿನ ಮುಂದೆ ತಲೆತಗ್ಗಿಸಿ ಕೂತಿರುತ್ತಾನೆ. ಅವನ ಸ್ವರ ಹೇಗಿದೆ ಎಂದು ಅರ್ಧ ಊರಿಗೆ ಗೊತ್ತಿಲ್ಲ.

"ಅಂಕಲ್, ಒಂದು ಹೇಳ್ಲಿಕ್ಕುಂಟು. ಬೈಬೇಡಿ. ಬೈಲಿಕ್ಕೆ ಆಗುದಿಲ್ಲ ಅಂತ ಗೊತ್ತುಂಟು, ಆದ್ರೂ."

ಕೂರು ಎಂದು ಕೈ ತೋರಿಸಿದೆ. ಕೂರಲಿಲ್ಲ.

"ಗರಿಗಳ ಭಾನುವಾರಕ್ಕೆ ನಿರೂಪಕನ ಪಾಲು ಫಾದರ್ ನನಗೆ ಕೊಟ್ಟಿದ್ದಾರೆ. ಬೇರೆ ಯಾರೂ ಒಪ್ಪಲಿಲ್ಲ, ಅಲೆಕ್ಸ್ ಬಾಬ್ ಓದಿದ ಮೇಲೆ ನಾವು ಓದಿದ್ರೆ ನಗ್ತಾರೆ ಅಂತ. ನೀವು ಹರಕೆಯಲ್ಲಿದ್ದೀರಿ, ನಿಮ್ಮನ್ನು ಕೇಳಿ ಹರಕೆ ಮುರಿಸುದು ಬೇಡ ಅಂದ್ರು ಫಾದರ್."

ನಾನು ಮಾಡದ ಹರಕೆಗೆ ನನ್ನ ಪಾಲನ್ನೇ ದಾನ ಕೊಟ್ಟಾಯಿತು. ಸ್ಲೇಟು ಎತ್ತಿಕೊಂಡೆ.

"ಇನ್ನೊಂದುಂಟು" ಎಂದ ರಾಯ್‌ಸ್ಟನ್. "ನಿಮ್ಮ ಮೈಕಿನ ಬಟನ್ ನಾನು ಯಾವಾಗ್ಲೂ ಎರಡರಲ್ಲಿ ಇಡುದು. ಬಾಕಿಯವರದ್ದು ಏಳರಲ್ಲಿ. ಇಲ್ಲದಿದ್ರೆ ಮುದುಕಿಯರು ಕಿವಿ ಮುಚ್ತಾರೆ. ನಿಮಗೆ ಒಂದಲ್ಲ ಒಂದು ದಿನ ಹೇಳ್ಬೇಕು ಅಂತ ಇತ್ತು."

ಸ್ಲೇಟು ಅವನ ತಲೆಯ ಅಳತೆಗೆ ಸರಿಯಾಗಿತ್ತು.

"ನನಗೆ ಆಗುದಿಲ್ಲ ಅಂಕಲ್. ಪಪ್ಪ ತೀರಿದಾಗ ಪೂಜೆಯಲ್ಲಿ ಒಂದು ವಾಚನ ನನಗಿತ್ತು. ಸ್ವಲ್ಪ ಓದಿ ನಿಂತೆ. ಸ್ವರ ಬರಲೇ ಇಲ್ಲ. ಇಳಿದು ಬಂದು ಮಿಕ್ಸರಿನ ಹಿಂದೆ ಕೂತೆ. ಯಾರೂ ಎಂತ ಹೇಳ್ಲಿಲ್ಲ. ಅದೇ ಕಷ್ಟ. ಅಲ್ಲಿಂದ ಮತ್ತೆ ಮೆಟ್ಟಿಲು ಹತ್ತಲಿಲ್ಲ. ಈಗ ದಿನಾ ಪ್ರಾರ್ಥನೆ ಮಾಡ್ತಿದ್ದೇನೆ, ನಿಮ್ಮ ಹರಕೆ ಹದಿಮೂರರ ಮೊದಲು ಮುಗೀಲಿ ಅಂತ."

ಅಂದರೆ ಒಂದೇ ಊರಿನಿಂದ, ಒಂದೇ ಇಗರ್ಜಿಯಿಂದ, ಒಂದೇ ತಾರೀಕಿಗೆ, ಒಂದೇ ಬೇಡಿಕೆಗೆ ಎರಡು ಅರ್ಜಿ ಹೋಗುತ್ತಿವೆ. ಪಾಲು ಬೇಕೆನ್ನುವವನೂ ಬೇಡವೆನ್ನುವವನೂ ಒಂದೇ ಕಡೆ ಹಗ್ಗ ಎಳೆಯುತ್ತಿದ್ದೇವೆ. ಆಚೆ ಕಡೆ ಒಬ್ಬನೇ. ಹಗ್ಗ ಅಲ್ಲಾಡುತ್ತಿಲ್ಲ.

ಅವನು ನಿಂತೇ ಇದ್ದ. ನಾನು ಬರೆಯಬೇಕೆಂದಿದ್ದದ್ದು ಬೇರೆ. ಬರೆದದ್ದು: 'ಹರಕೆ ಅಲ್ಲ. ಗಂಟಲಲ್ಲಿ ಗಡ್ಡೆ. ತೆಗೆದಿದ್ದಾರೆ. ರಿಪೋರ್ಟ್ ಬಂದಿಲ್ಲ.'

ಓದಿದ. ಅಂಗಿಯ ತೋಳಿನಿಂದ ಸ್ಲೇಟನ್ನು ಒರೆಸಿ ವಾಪಸು ಕೊಟ್ಟ. ಕೂತ. ಒಂದು ಸಮಾಧಾನ, ಒಂದು ಸಲಹೆ, ಒಂದು ಒಳ್ಳೆಯ ಡಾಕ್ಟರ ಹೆಸರು, ಏನೂ ಹೇಳಲಿಲ್ಲ. ಜೆನಿಟಾ ಚಹಾ ತಂದಿಟ್ಟಳು. ಇಬ್ಬರೂ ಕುಡಿದೆವು.

ಹೊರಡುವಾಗ ಇನ್ನೊಮ್ಮೆ ಬರೆದೆ: 'ನಾಳೆ ಐದಕ್ಕೆ ಬಾ. ಪುಸ್ತಕ ತಾ.'

ಯಾಕೆ ಬರೆದೆನೋ ತಿಳಿಯುತ್ತಿಲ್ಲ. ಔಷಧಿಯ ಪರಿಣಾಮ ಇರಬೇಕು.

ಏಪ್ರಿಲ್ 5, ಶನಿವಾರ

ಬಾಯಿ ತೆರೆಯದೆ ಒಬ್ಬನಿಗೆ ಓದಲು ಕಲಿಸುವುದು ಹೇಗೆ? ಅವನನ್ನು ಅಂಗಳದ ಕೊನೆಗೆ, ಮಲ್ಲಿಗೆ ಗಿಡಗಳ ಆಚೆ ನಿಲ್ಲಿಸುತ್ತೇನೆ. ನಾನು ಜಗಲಿಯಲ್ಲಿ. ಕೈ ಮೇಲೆತ್ತಿದರೆ ನಿಲ್ಲು, ಉಸಿರು ತೆಗೆದುಕೋ. ಕೈ ಇಳಿಸಿದರೆ ಮುಂದುವರಿ. ಬಟ್ಟಲಿಗೆ ಚಮಚ ಬಡಿದರೆ ನುಂಗಿದ ಪದವನ್ನು ಇನ್ನೊಮ್ಮೆ ಹೇಳು.

ಮೊದಲ ದಿನ ಚಮಚದ ಸದ್ದೇ ಹೆಚ್ಚು. "ಮೊಗ್ಗು ಉದುರಿದ್ರೆ ನೀವಿಬ್ಬರೇ ಹೊಣೆ" ಎಂದಳು ಜೆನಿಟಾ.

ಇದರಲ್ಲಿ ಒಂದು ತೊಂದರೆ ಏನೆಂದರೆ, ಎಲ್ಲಿ ಕೈ ಎತ್ತಬೇಕೆಂದು ತಿಳಿಯಲು ಅವನು ಓದುವುದನ್ನು ಪೂರ್ತಿ ಕೇಳುತ್ತಲೇ ಇರಬೇಕು. ನಡುವೆ ಬೇರೇನೂ ಯೋಚಿಸುವ ಹಾಗಿಲ್ಲ. ಅವನ ಎದೆ ತುಂಬುವುದಕ್ಕೂ ಕಾಯಬೇಕು. ಎಷ್ಟು ನಿಧಾನ ಈ ಜನ ಉಸಿರಾಡುವುದು. ನನಗೆ ಸುಸ್ತಾಗುತ್ತದೆ.

ಏಪ್ರಿಲ್ 8, ಮಂಗಳವಾರ

ರಿಪೋರ್ಟ್ ಬಂದಿಲ್ಲ. ರಾಯ್‌ಸ್ಟನ್ ಬಂದಿದ್ದ. ಇವತ್ತು ಚಮಚ ಬೇಕಾಗಲಿಲ್ಲ.

ತೇರ್ಸಿನಲ್ಲಿ ಏನೂ ಕೇಳಿಕೊಳ್ಳಲಿಲ್ಲ. ಮರೆತೇಹೋಯಿತು.

ಏಪ್ರಿಲ್ 13, ಗರಿಗಳ ಭಾನುವಾರ

ಕಾರ್ಯಕ್ರಮ ನಿಗದಿತ ದಿನಾಂಕಕ್ಕೆ ನಡೆಯಿತು. ನನ್ನ ಸ್ವರ ಮಾತ್ರ ಗೈರುಹಾಜರು.

ರಾಯ್‌ಸ್ಟನ್ ಮೇಲೆ ಓದುವುದಾದರೆ ಮಿಕ್ಸರಿನ ಮುಂದೆ ಕೂರುವವರು ಯಾರು ಎಂಬ ಪ್ರಶ್ನೆ ಬೆಳಿಗ್ಗೆಯೇ ಎದ್ದಿತು. ಆ ಬಟನ್‌ಗಳ ಪರಿಚಯ ಇದ್ದ ಇನ್ನೊಬ್ಬ ಮನುಷ್ಯ ಇಡೀ ಇಗರ್ಜಿಯಲ್ಲಿ ನಾನೇ. ಹೀಗಾಗಿ, ತೆಂಗಿನ ಗರಿ ಹಿಡಿದುಕೊಂಡ ಊರಿನವರೆಲ್ಲ ನೋಡುತ್ತಿರುವಾಗ, ಮೈಕಿನ ಪೊರ್ಬುಗಳು ಹಿಂದಿನ ಕಂಬದ ಬಳಿ ಹೋಗಿ ಕುಳಿತರು. ನನ್ನ ಮೈಕಿನ ಬಟನ್ನಿನ ಸುತ್ತ ಎರಡರ ಗುರುತಿನಲ್ಲಿ ನಿಜವಾಗಿಯೂ ಒಂದು ಸವೆದ ಗೆರೆ ಇತ್ತು. ಅದನ್ನು ಏಳಕ್ಕೆ ತಿರುಗಿಸಿದೆ. ರಾಯ್‌ಸ್ಟನ್ನನ ಸ್ವರ ಹುಲ್ಲಿನ ಎಸಳಿನಂಥದ್ದು. ಎಂಟಕ್ಕೆ ಇಟ್ಟೆ. ಕೊನೆಯ ಬೆಂಚಿನ ಮುದುಕಿ ತಲೆ ಎತ್ತಿದಳು. ಅಲ್ಲಿಗೇ ಬಿಟ್ಟೆ.

ಚೆನ್ನಾಗಿಯೇ ಓದುತ್ತಿದ್ದ. ಕೊನೆಯ ಭೋಜನ ಮುಗಿಯಿತು. ಓಲಿವ್ ಗುಡ್ಡಕ್ಕೆ ಹೋದದ್ದಾಯಿತು. 'ಆತನು ಮೊಣಕಾಲೂರಿ' ಎನ್ನುವಲ್ಲಿ ನಿಂತ.

ಮುಂದಿನದು ಎರಡೇ ಪದ, 'ಹೀಗೆ ಪ್ರಾರ್ಥಿಸಿದನು'. ಬರಲಿಲ್ಲ. ಫಾದರ್ ಕಾದರು. ಜನ ಮೊದಲು ಪುಸ್ತಕ ನೋಡಿದರು, ಆಮೇಲೆ ಅವನನ್ನು, ಆಮೇಲೆ ತಿರುಗಿ ನನ್ನನ್ನು. ಆ ಎರಡು ಪದ ನನ್ನ ನಾಲಿಗೆಯ ಮೇಲೆ ಸಿದ್ಧವಾಗಿ ನಿಂತಿದ್ದವು. ನನ್ನ ಕೈಯಳತೆಯಲ್ಲಿಯೇ ಒಂದು ಮೈಕ್ ಇತ್ತು. ಸ್ವರ ಹರಿದು ಹೋದರೂ ಹೇಳಿಯೇ ಬಿಡುವಷ್ಟು ಹತ್ತಿರ.

ಅವನು ತಲೆ ಎತ್ತಿ ಜನರಾಚೆ ಕಂಬದ ಕಡೆ ನೋಡಿದ. ನಾನು ಕೈ ಮೇಲೆತ್ತಿದೆ. ನಿಲ್ಲು, ಉಸಿರು ತೆಗೆದುಕೋ. ಅಲ್ಲಿಂದಲೇ ಅವನ ಎದೆ ತುಂಬುವುದು ಕಂಡಿತು. ಕೈ ಇಳಿಸಿದೆ.

"ಹೀಗೆ ಪ್ರಾರ್ಥಿಸಿದನು."

ಆಮೇಲೆ ಫಾದರ್ ಓದಿದರು. ತಂದೆಯೇ, ನಿನಗೆ ಇಷ್ಟವಿದ್ದರೆ ಈ ಪಾತ್ರೆಯನ್ನು ನನ್ನಿಂದ ದೂರಮಾಡು; ಆದರೂ ನನ್ನ ಇಷ್ಟವಲ್ಲ, ನಿನ್ನದೇ ಆಗಲಿ.

ವಿಚಿತ್ರವೆಂದರೆ, ಇಷ್ಟು ವರ್ಷ ಇದೇ ವಾಚನದಲ್ಲಿ ಫಾದರಿನ ಪಕ್ಕದಲ್ಲೇ ನಿಂತಿದ್ದೇನೆ. ಈ ಮಾತು ನನಗೆ ಕೇಳಿಸಿದ್ದೇ ಇಲ್ಲ. ಅವರು ಇದನ್ನು ಓದುವಾಗ ನಾನು ನನ್ನ ಮುಂದಿನ ಸಾಲಿಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಆ ಮನುಷ್ಯ ಸ್ಥಳ, ದಿನಾಂಕ ಏನನ್ನೂ ಹೇಳಲಿಲ್ಲ. ಬೇಡ ಎಂದು ಕೇಳಿದ, ಆಮೇಲೆ ಬಿಟ್ಟುಕೊಟ್ಟ. ಅಷ್ಟೇ.

ಇವತ್ತು ಸ್ಪಷ್ಟವಾಗಿ ಕೇಳಿಸಿತು. ಮಿಕ್ಸರಿನಲ್ಲಿ ಫಾದರಿನ ಬಟನ್ ಸರಿಯಾದ ಜಾಗದಲ್ಲಿ ಇಟ್ಟಿದ್ದೆ, ಅದಕ್ಕೇ ಇರಬೇಕು.

ಪೂಜೆ ಮುಗಿದ ಮೇಲೆ ಜನ ರಾಯ್‌ಸ್ಟನ್ನನ ಕೈ ಕುಲುಕಿದರು. ನನ್ನನ್ನು ಯಾರೂ ಮಾತಾಡಿಸಲಿಲ್ಲ. ವೈರುಗಳನ್ನು ಸುತ್ತಿಟ್ಟು ಬಂದೆ. ವೈರು ಸುತ್ತುವ ಕ್ರಮವೇ ಅವನಿಗೆ ಗೊತ್ತಿಲ್ಲ, ಎಲ್ಲ ಗಂಟು.

ಏಪ್ರಿಲ್ 15, ಮಂಗಳವಾರ

ರಿಪೋರ್ಟ್ ಬಂತು. ಕ್ಯಾನ್ಸರ್ ಅಲ್ಲ. ಆದರೆ ಹಾಗೇ ಬಿಟ್ಟುಬಿಡುವಂಥದ್ದೂ ಅಲ್ಲ. ಮೂರು ತಿಂಗಳಿಗೊಮ್ಮೆ ಕ್ಯಾಮೆರಾ ಇಳಿಸಿ ನೋಡಬೇಕು. ಇವತ್ತಿನಿಂದ ಮೆಲ್ಲಗೆ ಮಾತಾಡಬಹುದು, ಹತ್ತಿರದವರಿಗೆ ಕೇಳುವಷ್ಟು. ಮೈಕ್, ಜೀಪು, ಪಂದ್ಯ, ಕೂಗು ಇನ್ನು ಇಲ್ಲ.

"ಸ್ವಲ್ಪ ಸಮಯದ ಮೇಲೆ?" ಎಂದೆ. ಇಷ್ಟು ದಿನಗಳ ಮೇಲೆ ನನ್ನ ಬಾಯಿಂದ ಬಂದ ಮೊದಲ ಮಾತು ಅದು. ಯಾರದ್ದೋ ಸ್ವರ. ಚಿಕ್ಕದು, ಒಣಗಿದ್ದು.

ಡಾಕ್ಟರು ಇಲ್ಲವೆಂದು ತಲೆಯಾಡಿಸಿದರು. ಒಳ್ಳೆಯ ಮನುಷ್ಯ, ಅವಸರ ಮಾಡಲಿಲ್ಲ.

ಹೊರಗೆ ಬಂದ ಮೇಲೆ ಜೆನಿಟಾ ಶಿರ್ವದ ಬಸ್ಸು ಬಿಟ್ಟು ಕಾರ್ಕಳದ ಬಸ್ಸು ಹತ್ತಿಸಿದಳು. ಅತ್ತೂರಿನ ಪುಣ್ಯಕ್ಷೇತ್ರಕ್ಕೆ ಅವಳದ್ದೊಂದು ಮೇಣದಬತ್ತಿಯ ಹರಕೆ ಇತ್ತಂತೆ. ನಿಜವಾದ ಹರಕೆ ಮನೆಯಲ್ಲಿ ಅವಳದ್ದು, ಹೆಸರು ನನಗೆ.

ಬತ್ತಿ ಹಚ್ಚುವಾಗ ಹೇಳಿದೆ, "ನಿನ್ನ ಹರಕೆಯೂ ಅರ್ಧವೇ ಫಲಿಸಿತು. ಸ್ವರ ಬರಲಿಲ್ಲ."

"ನಾನು ಸ್ವರ ಕೇಳಲೇ ಇಲ್ಲ" ಎಂದಳು ಜೆನಿಟಾ. "ನೀವು ಇರ್ಬೇಕು ಅಂತ ಕೇಳಿದ್ದು. ಸ್ವರ ಇಲ್ಲದಿದ್ರೆ ನನಗೆ ಎಂತ ಅಡ್ಡಿ ಇಲ್ಲ."

ಬತ್ತಿ ಗಾಳಿಗೆ ಎರಡು ಸಲ ನಂದಿತು. ನಾನು ಕೈ ಅಡ್ಡ ಹಿಡಿದೆ.

ಏಪ್ರಿಲ್ 18, ಶುಭ ಶುಕ್ರವಾರ

ವ್ಯವಹಾರದ ಲೆಕ್ಕದಲ್ಲಿ ನೋಡಿದರೆ ನನಗೆ ಆದದ್ದು ಶುದ್ಧ ಮೋಸ. ಮೀನೂ ಹೋಯಿತು, ಸ್ವರವೂ ಬರಲಿಲ್ಲ. ಬೇರೆ ಯಾರೇ ಆಗಿದ್ದರೂ ಗ್ರಾಹಕರ ವೇದಿಕೆಗೆ ಎಳೆಯುತ್ತಿದ್ದೆ.

ಸಂಜೆ ಆನ್ಸಿಲ್ಲಾಬಾಯಿ ಸಿಕ್ಕಿದರು. ಫಿಯೋನಾಳಿಗೆ ರಜೆ ಸಿಕ್ಕಿದೆ, ಮುಂದಿನ ತಿಂಗಳು ಬರುತ್ತಾಳಂತೆ. "ನಿಮ್ಮ ಹರಕೆ ಫಲಿಸಿತು, ಬಾಬ್" ಎಂದರು. ಹರಕೆಯಲ್ಲ, ಗಡ್ಡೆ ಎಂದು ಈಗ ಹೇಳಬಹುದಾಗಿತ್ತು, ಸ್ವರ ಇತ್ತು. "ಅವಳಿಗೆ ಚೆನ್ನಾಗಿ ಮಲಗಲಿಕ್ಕೆ ಬಿಡಿ" ಎಂದಷ್ಟೇ ಹೇಳಿದೆ. ಮೂರು ಗಂಡುಗಳ ವಿಷಯ ಆಮೇಲೆ ನೆನಪಾಯಿತು.

ಏಪ್ರಿಲ್ 21, ಸೋಮವಾರ

ಈಸ್ಟರ್ ಮುಗಿಯಿತು. ನಿನ್ನೆ ಕೋಳಿ, ಜೊತೆಗೆ ನಮ್ಮ ಸಾನ್ನಾಂ ಇಡ್ಲಿ. ಇವತ್ತು, ಬಂಧುಗಳೇ, ಬಂಗುಡೆಯ ಪುನರಾಗಮನ ಎಂದು ನಿಶ್ಚಯಿಸಿ ಹತ್ತು ಗಂಟೆಗೇ ಜಗಲಿಯಲ್ಲಿ ಕೂತೆ. ತಾರಾನಾಥನ ಫೋನ್ ಬಂತು. ಪಂದ್ಯಕ್ಕೆ ವಿವರಣೆ ಹೇಳುವವನನ್ನು ಹುಡುಕಿದ್ದಾನೆ, ರಾಯ್‌ಸ್ಟನ್. ಮಿಕ್ಸರಿಗೆ ನಾನು ಬೇಕಂತೆ. ಗುಣವತಿ ಉಪ್ಪು ಬೇಕಾ ಎಂದು ಮತ್ತೆ ಕೇಳಲು ಶುರುಮಾಡಿದ್ದಾಳೆ. ಆಗಲಿ ಎಂದೆ.

ಅಷ್ಟರಲ್ಲಿ ಸರಸಕ್ಕನ ಹಾರ್ನ್ ಕೇಳಿತು. ಎದ್ದು ನಿಂತು, ಡಾಕ್ಟರು ಅನುಮತಿಸಿದಷ್ಟು ಸ್ವರದಲ್ಲಿ, "ಸರಸಕ್ಕಾ" ಎಂದೆ.

ಸ್ವರ ಮಲ್ಲಿಗೆ ಗಿಡದವರೆಗೆ ಹೋಯಿತು. ಗೇಟು ಅಲ್ಲಿಂದ ಇನ್ನೂ ಆಚೆ ಉಂಟು. ಹರಕೆಯ ಮನೆ ಎಂದು ಸರಸಕ್ಕ ಒಂದು ಕೈಯನ್ನು ಹಣೆಗೆ ಮುಟ್ಟಿಸಿ ರಿಕ್ಷಾ ದಾಟಿಸಿದಳು.

ಮಧ್ಯಾಹ್ನ ತೊಂಡೆಕಾಯಿ ಪಲ್ಯ. ಊಟದ ಮೊದಲಿನ ಪ್ರಾರ್ಥನೆಯಲ್ಲಿ 'ನಿನ್ನ ಚಿತ್ತ' ಎನ್ನುವಲ್ಲಿ ಜೆನಿಟಾ ನಕ್ಕಳು. ನನಗೂ ನಗು ಬಂತು, ಗಂಟಲಿಗೆ ಒಳ್ಳೆಯದಲ್ಲ.

ಕೊನೆಯದಾಗಿ ಒಂದು ಮಾತು. ಈ ಡೈರಿ ನಾನು ನನಗೋಸ್ಕರ ಬರೆಯುತ್ತಿರುವುದು. ಆದರೂ ಕೆಲವು ದಿನಗಳಿಂದ ಪುಟಗಳ ನಡುವೆ ಬಾಳೆನಾರಿನ ತುಂಡುಗಳು ಸಿಗುತ್ತಿವೆ. ಓದುತ್ತಿರುವವರು ಯಾರೆಂದು ನಾನು ವಿಚಾರಿಸುವುದಿಲ್ಲ. ಯಾರೇ ಆಗಿರಲಿ, ಒಂದು ಸಣ್ಣ ಉಪಕಾರ ಮಾಡಬೇಕು. ನಾಳೆ ಹತ್ತೂವರೆಗೆ ಇಳಿಜಾರಿನಲ್ಲಿ ಹಾರ್ನ್ ಕೇಳಿದ ಕೂಡಲೇ ಗೇಟಿನ ಹತ್ತಿರ ಹೋಗಿ ಕೈ ಎತ್ತಿ ನಿಲ್ಲಿ. ಕೂಗುವುದು ಬೇಡ, ಕೈ ಎತ್ತಿದರೆ ಸಾಕು, ನಿಲ್ಲುತ್ತಾಳೆ. ಬಂಗುಡೆ, ಮಧ್ಯಮ ಗಾತ್ರದ್ದು, ಆರು. ತಲೆ ತೆಗೆಸಬೇಡಿ.